ನಾಲ್ಕು ಫರಸಿಯ ಯಾರ್ಡು

ನಮ್ಮ ಗಾಜಿಪುರದ ಮನೆಯ ಪಡಸಾಲೆ ಉದ್ದಕ್ಕೆ ಏಳು ಫರಸಿ, ಅಗಲಕ್ಕೆ ನಾಲ್ಕು. ಕಲಬುರಗಿಯಲ್ಲಿ ಮನೆಯ ಅಳತೆಯನ್ನು ಟೇಪು ಹಿಡಿದು ಹೇಳುವವರು ಕಡಿಮೆ. ನೆಲಕ್ಕೆ ಹಾಕಿದ ಶಹಾಬಾದ್ ಕಲ್ಲನ್ನು ಎಣಿಸಿ ಹೇಳುತ್ತಾರೆ. ಒಂದು ಫರಸಿ ಎಂದರೆ ಎರಡು ಅಡಿ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಮಂಚ ಕೊಳ್ಳುವವರು, ಕಪಾಟು ಮಾಡಿಸುವವರು, ಬಾಡಿಗೆಗೆ ಮನೆ ನೋಡಲು ಬಂದವರು, ಎಲ್ಲರೂ ತಲೆ ತಗ್ಗಿಸಿ ನೆಲ ನೋಡುತ್ತಾ ತುಟಿ ಅಲ್ಲಾಡಿಸುತ್ತಾರೆ. ಇದರಲ್ಲಿ ಒಂದು ಮೋಸವಿದೆ. ಗೋಡೆಗೆ ಹತ್ತಿದ ಕೊನೆಯ ಕಲ್ಲು ಎಷ್ಟೋ ಸಲ ಪೂರ್ತಿ ಇರುವುದಿಲ್ಲ. ಉಳಿದ ಜಾಗಕ್ಕೆ ಎಷ್ಟು ಬೇಕೋ ಅಷ್ಟು ಕೊಯ್ದು ಗೌಂಡಿ ಅದನ್ನು ಕೂರಿಸಿರುತ್ತಾನೆ. ನಮ್ಮ ಪಡಸಾಲೆಯ ಮೂಲೆಯ ಕಲ್ಲು ಬರೀ ಮುಕ್ಕಾಲು ಅಡಿಯದು. ನನಗೆ ಅದು ಗೊತ್ತಿತ್ತು, ಯಾಕೆಂದರೆ ಅದನ್ನು ಹಾಕಿಸುವಾಗ ಗೌಂಡಿಯ ತಲೆಯ ಮೇಲೆ ನಿಂತಿದ್ದವಳು ನಾನು. ನನ್ನ ಗಂಡನಿಗೆ ಗೊತ್ತಿರಲಿಲ್ಲ. ಆ ದಿನವೂ ಅವರು ಡ್ಯೂಟಿಯಲ್ಲಿದ್ದರು, ಆಮೇಲೆ ಆ ಕಲ್ಲಿನ ಮೇಲೆ ಜೋಳದ ದೊಡ್ಡ ಡಬ್ಬಿ ಬಂದು ಕೂತಿತು.

ಇದನ್ನು ಬರೆದು ಮನಸ್ಸು ಹಗುರ ಮಾಡಿಕೊಳ್ಳುವ ಆಸೆ ನನಗಿಲ್ಲ. ಮೂವತ್ತೊಂದು ವರ್ಷ ಶಹಾಬಜಾರದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಉತ್ತರ ತಪ್ಪಾದರೆ ಯಾವ ಹಂತದಲ್ಲಿ ತಪ್ಪಿತು ಎಂದು ಗುರುತು ಹಾಕದೆ ವಹಿ ಮುಚ್ಚಿದವಳಲ್ಲ. ಈ ಲೆಕ್ಕದಲ್ಲಿ ಗುರುತು ಹಾಕಬೇಕಾದದ್ದು ನನ್ನ ಹೆಸರಿಗೆ, ಅಷ್ಟೇ.

ನಮ್ಮವರು ಗೂಡ್ಸ್ ಯಾರ್ಡಿನಲ್ಲಿ ಶಂಟಿಂಗ್ ಜಮಾದಾರರಾಗಿದ್ದರು. ಬಂದ ಗಾಡಿಯ ವ್ಯಾಗನ್‌ಗಳನ್ನು ಬಿಡಿಸಿ, ಎಂಜಿನ್‌ನಿಂದ ಎಳೆಸಿ, ತಳ್ಳಿಸಿ, ಒಂದು ಹಳಿಯಿಂದ ಇನ್ನೊಂದಕ್ಕೆ ಹಾಕಿಸಿ, ಹೋಗಬೇಕಾದ ಊರಿನ ಅನುಕ್ರಮಕ್ಕೆ ಜೋಡಿಸುವ ಕೆಲಸ. ಆ ಕೆಲಸವನ್ನು ಅವರು ಚೆನ್ನಾಗಿ ಮಾಡುತ್ತಿದ್ದರು, ಇದನ್ನು ನಾನು ಒಪ್ಪಲೇಬೇಕು. ಅವರ ಕಾಲದ ಜಮಾದಾರರಲ್ಲಿ ಒಂದು ರಿವಾಜಿತ್ತು. ಯಾವ ವ್ಯಾಗನ್ ಎಲ್ಲಿ ಎಂದು ಬರೆದ ಚೀಟಿ ಕೈಗೆ ಬಂದರೆ ಒಂದೇ ಸಲ ಓದಿ ಜೇಬಿಗೆ ಹಾಕಬೇಕು, ಕೆಲಸ ಮುಗಿಯುವ ತನಕ ಮತ್ತೆ ತೆಗೆಯಬಾರದು. ಎರಡನೇ ಸಲ ಚೀಟಿ ತೆಗೆದವನಿಗೆ ಚಹಾದ ಅಂಗಡಿಯಲ್ಲಿ ಉಳಿಗಾಲವಿರಲಿಲ್ಲ. ನಮ್ಮವರು ತಮ್ಮ ನೌಕರಿಯಲ್ಲಿ ಒಮ್ಮೆಯೂ ತೆಗೆದವರಲ್ಲವಂತೆ. ಈ ಮಾತನ್ನು ನಾನು ಮದುವೆಯಾದ ವಾರದಲ್ಲಿ ಮೊದಲ ಸಲ ಕೇಳಿದೆ. ವ್ಯಾಗನ್ನಿಗೆ ವ್ಯಾಗನ್ ಕೂಡಿಸಿ ಕೊಕ್ಕೆ ಹಾಕಿದ ಮೇಲೆ ಕೈಯಿಂದ ಒಮ್ಮೆ ಜಗ್ಗಿ ನೋಡಿ "ಬರೋಬರ್ ಅದ", ಸರಿಯಾಗಿದೆ, ಎನ್ನುವುದು ಅವರ ಇನ್ನೊಂದು ರೂಢಿ. ಮನೆಯಲ್ಲಿ ಬಾಗಿಲು ಹಾಕಿದರೂ, ಚೀಲ ಕಟ್ಟಿದರೂ ಜಗ್ಗಿ ನೋಡಿ ಹಾಗೆ ಹೇಳುತ್ತಿದ್ದರು.

ನಾನು ಗಣಿತದವಳು ಎನ್ನುವುದು ಅವರಿಗೆ ಜೀವನಪೂರ್ತಿ ತಮಾಷೆಯ ವಿಷಯ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಅವರು ಆ ಮಾತನ್ನು ನನ್ನ ಮೇಲೆ ಎಸೆಯುವುದಕ್ಕೆ ಇಟ್ಟುಕೊಂಡಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ "ಅಕ್ಕೋರ ಲೆಕ್ಕ ತಪ್ಪ್ಯಾದ", ಬಸ್ಸು ತಪ್ಪಿದರೆ "ಅಕ್ಕೋರ ಲೆಕ್ಕ ತಪ್ಪ್ಯಾದ". ಬಂದ ನೆಂಟರು ನಗಬೇಕು, ನಾನೂ ನಗಬೇಕು. ಮೊದಲ ಹತ್ತು ವರ್ಷ ನಕ್ಕೆ.

ನಿವೃತ್ತರಾದ ಮೇಲೆ ಮಗಳು ಆನ್‌ಲೈನಿನಲ್ಲಿ ತರಿಸಿದ ಪುಟ್ಟ ಎಂಜಿನ್ನು, ಗೇಣಿಗಿಂತ ಗಿಡ್ಡನೆಯ ಎಂಟು ವ್ಯಾಗನ್ನು, ಒಂದಿಷ್ಟು ಹಳಿ ಅವರಿಗೆ ಉಡುಗೊರೆಯಾಗಿ ಬಂದವು. ಅವರು ಅದನ್ನು ಆಟಿಕೆ ಎಂದು ಒಂದು ದಿನವೂ ಕರೆಯಲಿಲ್ಲ. ದುಂಡಗೆ ಸುತ್ತುವ ಗಾಡಿ ಮಕ್ಕಳಿಗೆ, ತನಗೆ ಬೇಕಾದದ್ದು ಯಾರ್ಡು ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆಯಲು ಕೂತರು. ಜಾಗ ಎಲ್ಲಿ? ಒಳಕೋಣೆಯಲ್ಲಿ ಮಂಚ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಉಳಿದದ್ದು ಪಡಸಾಲೆಯ ಉದ್ದ ಗೋಡೆ. ಅದರ ಕಿಟಕಿ ಕಡೆಯ ಮೂರು ಫರಸಿ ನನ್ನವು. ನನ್ನವ್ವನ ಸೀರೆಗಳನ್ನು ಕತ್ತರಿಸಿ ಅಲ್ಲಿ ನಾನು ಕೌದಿ ಹೊಲಿಯುತ್ತಿದ್ದೆ. ಕೌದಿ ನೆಲಕ್ಕೆ ಹರವಿಕೊಂಡು ಕೂತು ಹೊಲಿಯುವ ಕೆಲಸ, ಬೆಳಕು ಬೇಕು, ನಡುವೆ ಮಡಚಿದರೆ ಪದರ ಸರಿಯುತ್ತದೆ. ಮೂಲೆಯಿಂದ ನಾಲ್ಕು ಫರಸಿ ಯಾರ್ಡಿಗೆ, ಕಿಟಕಿಯ ಮೂರು ಫರಸಿ ಕೌದಿಗೆ ಎಂದು ಇಬ್ಬರೂ ಮಾತಾಡಿಕೊಂಡೆವು. ಜಗಳವಿಲ್ಲದೆ ಆದ ಮಾತು. ನನಗೆ ಅದು ನೆನಪಿದೆ, ಯಾಕೆಂದರೆ ಅಂಥವು ನಮ್ಮಲ್ಲಿ ಕಡಿಮೆ.

ನಕ್ಷೆ ಹೀಗಿತ್ತು. ಮೂರು ಹಳಿ. ಉದ್ದನೆಯದರಲ್ಲಿ ಐದು ವ್ಯಾಗನ್ ನಿಲ್ಲಬೇಕು, ಉಳಿದೆರಡರಲ್ಲಿ ಮೂರು ಮೂರು. ಮೂರೂ ಹಳಿ ಒಂದು ಕಡೆ ಬಂದು ಕೂಡುತ್ತವೆ, ಅಲ್ಲಿಂದ ಮುಂದೆ ಒಂದೇ ಹಳಿ. ಅದಕ್ಕೆ ಅವರು ನೆಕ್ ಎನ್ನುತ್ತಿದ್ದರು. ನೆಕ್‌ನಲ್ಲಿ ಎಂಜಿನ್ನು ಮತ್ತು ಮೂರೇ ಮೂರು ವ್ಯಾಗನ್ ಹಿಡಿಯಬೇಕು. ಎಂಟು ವ್ಯಾಗನ್‌ಗೆ ಎಂಟು ಚೀಟಿ. ಅದರಲ್ಲಿ ಐದು ಎತ್ತಬೇಕು, ಎತ್ತಿದ ಅನುಕ್ರಮದಲ್ಲೇ ಆ ಐದು ವ್ಯಾಗನ್ನನ್ನು ಉದ್ದ ಹಳಿಯ ಮೇಲೆ ಸಾಲಾಗಿ ನಿಲ್ಲಿಸಬೇಕು. ಅಷ್ಟೇ ಆಟ. ಜಾಗ ಕಡಿಮೆ ಇರುವುದೇ ಅದರ ರುಚಿ. ನೆಕ್ ಒಂದು ವ್ಯಾಗನ್ ಉದ್ದವಾದರೆ ಆಟ ಸಪ್ಪೆಯಾಗುತ್ತದೆ, ಅರ್ಧ ವ್ಯಾಗನ್ ಗಿಡ್ಡವಾದರೆ ಮೂರನೆಯ ವ್ಯಾಗನ್ನಿನ ಗಾಲಿ ಹಳಿ ಕೂಡುವ ಜಾಗದಲ್ಲೇ ಉಳಿದು ಹಳಿ ತಿರುಗಿಸಲು ಬರುವುದಿಲ್ಲ.

ನನಗೆ ಅದು ಇಷ್ಟವಾಯಿತು. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಎಂಟರಲ್ಲಿ ಐದನ್ನು ಸಾಲಾಗಿ ಎತ್ತಿದರೆ ಆರು ಸಾವಿರದ ಏಳು ನೂರ ಇಪ್ಪತ್ತು ಅನುಕ್ರಮ ಆಗುತ್ತವೆ ಎಂದು ಪಾತ್ರೆ ತೊಳೆಯುತ್ತಲೇ ಲೆಕ್ಕ ಹಾಕಿದೆ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಕಾಗದದ ವ್ಯಾಗನ್ ಮಾಡಿ, ಅಡುಗೆ ಕಟ್ಟೆಯ ಮೇಲೆ ಅಕ್ಕಿ ಬೇಯುವಷ್ಟರಲ್ಲಿ ಒಂದು ಸಾಲು ಜೋಡಿಸಿದೆ. ಮರುದಿನ ಇನ್ನೊಂದು. ಬೇಡವಾದ ವ್ಯಾಗನ್ನನ್ನು ಮೊದಲು ಎಲ್ಲಿ ಮುಚ್ಚಿಡಬೇಕು ಎನ್ನುವುದರಲ್ಲೇ ಎಲ್ಲ ಇದೆ ಎಂದು ತಿಳಿಯಿತು. ಒಂದು ಸಂಜೆ ಧೈರ್ಯ ಮಾಡಿ ಅವರಿಗೆ ತೋರಿಸಿದೆ. ಅವರು ಕಾಗದದ ವ್ಯಾಗನ್ನನ್ನು ಬೆರಳಲ್ಲಿ ಚಿಮ್ಮಿ ಕಟ್ಟೆಯಿಂದ ಕೆಳಗೆ ಬೀಳಿಸಿದರು.

"ಶಂಟಿಂಗ್ ಅಂದ್ರ ಹೆಂಗಸರು ಕುಂತು ಆಡೋ ಚೌಕಾಬಾರ ಅಲ್ಲ. ನಿನಗ್ಯಾಕ ಇದು?"

ಮರುದಿನ ಅವರ ಇಬ್ಬರು ಹಳೆಯ ಜೊತೆಗಾರರು ಬಂದರು. ಒಬ್ಬರು ಗೂಡ್ಸ್ ಗಾಡಿ ಓಡಿಸಿದ ಡ್ರೈವರ್ ಸಾಹೇಬರು, ಇನ್ನೊಬ್ಬರು ಸಿಗ್ನಲ್ ಕ್ಯಾಬಿನ್‌ನಲ್ಲಿದ್ದವರು, ಮಾತು ಕಡಿಮೆ. ಮೂವರೂ ಕ್ಯಾಲೆಂಡರಿನ ಮೇಲೆ ಬಗ್ಗಿದ್ದರು. ನಾನು ಚಹಾ ತಂದೆ.

"ಏಳು ಫೂಟು ಬೇಕು. ನಾಕು ಫರಸಿ ಅಂದ್ರ ಎಂಟು ಫೂಟು ಸಿಗ್ತದ, ಆರಾಮ್," ಎನ್ನುತ್ತಿದ್ದರು ನಮ್ಮವರು.

"ಎಂಟು ಸಿಗಂಗಿಲ್ರಿ. ಮೂಲ್ಯಾಗಿನ ಕಲ್ಲು ಕೊಯ್ದದ್ದು ಅದ. ಒಮ್ಮೆ ಡಬ್ಬಿ ಸರಿಸಿ ನೋಡ್ರಿ," ಎಂದೆ.

ಅವರು ತಲೆ ಎತ್ತದೆಯೇ ಹೇಳಿದರು. "ಅಕ್ಕೋರ, ನಿಮ್ಮ ಲೆಕ್ಕ ಕರಿಹಲಗಿ ಮ್ಯಾಲ ಚೆಂದ ಕಾಣ್ತದ. ಫರಸಿ ಅಂದ್ರ ಎರಡು ಫೂಟು. ಕೂಸಿಗೂ ಗೊತ್ತದ."

ಡ್ರೈವರ್ ಸಾಹೇಬರು ನಕ್ಕರು. ಕ್ಯಾಬಿನ್‌ನವರೂ ನಕ್ಕರು, ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಟೇಪು ಕಪಾಟಿನಲ್ಲೇ ಇತ್ತು. ನಾನು ತಂದು ಕೊಡಬಹುದಿತ್ತು. ಕೊಡಲಿಲ್ಲ.

ಮುಂದಿನ ವಾರ ಸೂಪರ್ ಮಾರ್ಕೆಟ್ ಕಡೆಯಿಂದ ಆಟೋದ ತಲೆಯ ಮೇಲೆ ಕಟ್ಟಿಕೊಂಡು ಪ್ಲೈವುಡ್ ಹಲಗೆ ಬಂತು. ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲ. ಡಬ್ಬಿ ಸರಿಸಿದರು. ಅದರ ಕೆಳಗಿನ ಕಲ್ಲು ಕಂಡಿತು. ಅವರು ಆ ಕಲ್ಲನ್ನು ನೋಡಿದರು, ನಾನು ಅವರನ್ನು ನೋಡಿದೆ. ಆರೂ ಮುಕ್ಕಾಲು ಅಡಿಯಲ್ಲಿ ಎಂಟು ಅಡಿ ಕೂರುವುದಿಲ್ಲ. ಕೊಯ್ದರೆ ಅವರಿಗೆ ಬೇಕಾದ ಏಳು ಅಡಿಗೂ ಮೂರು ಇಂಚು ಕಡಿಮೆ, ಅಂದರೆ ಅರ್ಧ ವ್ಯಾಗನ್. ಉದ್ದ ಹಳಿಯಲ್ಲಿ ಐದರ ಬದಲು ನಾಲ್ಕು ನಿಲ್ಲಿಸಿದರಾಯಿತು ಎಂದು ಡ್ರೈವರ್ ಸಾಹೇಬರು ಫೋನಿನಲ್ಲಿ ಹೇಳಿದ್ದಕ್ಕೆ, "ಹಂಗ ಮಾಡಿದ್ರ ಅದು ಆಟ ಆಗ್ತದ, ಯಾರ್ಡ್ ಆಗಂಗಿಲ್ಲ," ಎಂದು ಸಿಟ್ಟಾದರು. ಆಮೇಲೆ ಕಿಟಕಿಯ ಕಡೆ ಹೋಗಿ, ನಾನು ಹರವಿದ್ದ ಕೌದಿಯನ್ನು ಸುತ್ತಿ ಅಟ್ಟದ ಮೇಲೆ ಎಸೆದರು. ಸೂಜಿ ಅದರಲ್ಲೇ ಇತ್ತು. ಹಲಗೆ ನನ್ನ ಜಾಗಕ್ಕೆ ಒಂದೂಕಾಲು ಅಡಿ ಹೊಕ್ಕಿತು, ಅದರ ತುದಿಗೆ ಅವರ ಸ್ಟೂಲು, ಸ್ಟೂಲಿನ ಪಕ್ಕ ತಿಪಾಯಿ. ಕಿಟಕಿ ಮುಗಿಯಿತು.

"ಹಾಸಿಗಿ ಎಲ್ಲಿ ಕುಂತ್ರೂ ಹೊಲೀಬಹುದು," ಎಂದರು.

ಕೌದಿಗಾಗಿ ನನಗೆ ಸಿಟ್ಟು ಬಂದದ್ದು ಹೌದು. ಆದರೆ ನಾನು ಕಾದದ್ದು ಒಂದು ಮಾತಿಗೆ. ನೀ ಹೇಳಿದ್ದು ಖರೇ ಇತ್ತು. ಇಷ್ಟೇ ಅಂದಿದ್ದರೆ ಏಳೂ ಫರಸಿ ಕೊಟ್ಟುಬಿಡುತ್ತಿದ್ದೆನೋ ಏನೋ. ಅವರು ಹಳಿ ಬಡಿಯುವಾಗ ಕಾದೆ, ವ್ಯಾಗನ್ನುಗಳ ಮೇಲೆ ಒಂದರಿಂದ ಎಂಟರ ತನಕ ಅಂಕಿ ಬರೆಯುವಾಗ ಕಾದೆ. ಚೀಟಿ ಬರೆಯಲು ಮಾತ್ರ ನನ್ನನ್ನು ಕರೆದರು, ನನ್ನ ಅಕ್ಷರ ದುಂಡಗಿವೆ ಎಂದು. ಬರೆದು ಕೊಟ್ಟೆ. ಆ ಮಾತು ಬರಲಿಲ್ಲ.

ಇಲ್ಲಿ ಅವರ ಅಪ್ಪನ ವಿಷಯ ಹೇಳಬೇಕು. ನಮ್ಮ ಮಾವನವರು ಕಮಲಾಪುರದ ಮನೆಯಲ್ಲಿ ಕೊನೆಯ ನಾಲ್ಕು ವರ್ಷ ಎಲ್ಲವನ್ನೂ ಮರೆತು ಬದುಕಿದರು. ಉಂಡು ಕೈ ತೊಳೆದು ಬಂದು ಊಟ ಕೇಳುತ್ತಿದ್ದರು. ಹೊಲಕ್ಕೆ ಹೋಗುತ್ತೇನೆಂದು ಹೆದ್ದಾರಿಗೆ ನಡೆದುಬಿಡುತ್ತಿದ್ದರು. ಮೂರನೇ ಸಲ ಲಾರಿಯ ಮುಂದಿನಿಂದ ಎಳೆದು ತಂದ ಮೇಲೆ ಹಿತ್ತಿಲ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬಂತು. ಆ ಚಿಲಕ ಬಡಿದವರು ನಮ್ಮವರೇ. ಬಡಿದು, ಜಗ್ಗಿ ನೋಡಿ, ಬರೋಬರ್ ಅದ ಎಂದು ಹೇಳಿ, ಬಸ್ಸಿನಲ್ಲಿ ಕಲಬುರಗಿ ಮುಟ್ಟುವ ತನಕ ದಾರಿಯ ಊರುಗಳ ಹೆಸರನ್ನು ಒಂದೊಂದಾಗಿ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾ ಬಂದರು. ಅವತ್ತಿನಿಂದ ಅವರು ಭೂಮಿಯ ಮೇಲೆ ಹೆದರುವುದು ಒಂದೇ ಒಂದಕ್ಕೆ ಎಂದು ನನಗೆ ಗೊತ್ತಿತ್ತು. ಮುಂದೆ ಮಾಡಿದ್ದನ್ನು ನಾನು ಇದು ಗೊತ್ತಿದ್ದೇ ಮಾಡಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಟ ನಡೆಯುವುದು ಹೀಗೆ. ಹಿತ್ತಾಳೆಯ ಲೋಟದಿಂದ ನಾನು ಐದು ಚೀಟಿ ಎತ್ತಿ ತಿಪಾಯಿಯ ಮೇಲೆ ಸಾಲಾಗಿ ಇಡಬೇಕು. ಅವರು ಒಂದು ಸಲ ನೋಡುವರು. ಆಮೇಲೆ ಅದರ ಮೇಲೆ ಸ್ಟೀಲಿನ ತಾಟು ಬೋರಲು. ತಿಪಾಯಿಗೆ ಬೆನ್ನು ಮಾಡಿ, ಒಂದು ಕೈಯಲ್ಲಿ ಎಂಜಿನ್ನಿನ ಗುಂಡಿ, ಇನ್ನೊಂದರಲ್ಲಿ ಕೊಕ್ಕೆ ಬಿಡಿಸುವ ಕಡ್ಡಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ದುಡಿಯುವರು. ಮುಗಿದ ಮೇಲೆ ತಾಟು ಎತ್ತಿ ತಾಳೆ ನೋಡುವುದು. ನಡುವೆ ತಾಟು ಎತ್ತುವ ಮಾತೇ ಇಲ್ಲ. ಮೊದಲ ಹದಿನೈದು ದಿನ ಒಂದೂ ತಪ್ಪಲಿಲ್ಲ. ಪ್ರತಿ ಸಲ ತಾಟು ಎತ್ತಿ ನನ್ನ ಮುಖ ನೋಡುತ್ತಿದ್ದರು. "ನೋಡ್ರಿ ಅಕ್ಕೋರ."

ಒಂದು ಮಧ್ಯಾಹ್ನ ಅವರ ಬೆನ್ನ ಹಿಂದೆ ಚಹಾದ ಲೋಟ ತೆಗೆಯಲು ಬಗ್ಗಿದವಳು ತಾಟಿನ ಅಂಚು ಎತ್ತಿ, ಎರಡನೆಯ ಚೀಟಿಯನ್ನೂ ನಾಲ್ಕನೆಯದನ್ನೂ ಅದಲು ಬದಲು ಮಾಡಿದೆ. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ಹೋಯಿತು. ಲೋಟ ಹಿಡಿದು ಅಡುಗೆಮನೆಗೆ ಹೋಗಿ ನಿಂತೆ. ಸಿಕ್ಕಿಬಿದ್ದರೆ ನಗೆಯಾಡಿಬಿಡೋಣ ಎಂದುಕೊಂಡೆ.

ತಾಟು ಎತ್ತಿದ ಸದ್ದು ಕೇಳಿತು. ಬಂದು ನೋಡಿದರೆ ಅವರು ಚೀಟಿಯನ್ನೂ ವ್ಯಾಗನ್ನನ್ನೂ ಬೆರಳಿಟ್ಟು ಎಣಿಸುತ್ತಿದ್ದರು. ಮೂರು, ಎಂಟು. ಎಂಟು, ಮೂರು. ಮತ್ತೆ ಮೊದಲಿನಿಂದ.

"ಏನಾತ್ರಿ?" ಎಂದೆ.

"ಏನಿಲ್ಲ."

"ಮರೆತ್ರೇನು?"

ಆ ಒಂದು ಶಬ್ದಕ್ಕೆ ಅವರ ಮುಖದ ಬಣ್ಣ ಹೋಯಿತು. ನಲವತ್ತು ವರ್ಷದಲ್ಲಿ ಅವರು ನನ್ನೆದುರು ಹೆದರಿದ್ದನ್ನು ನಾನು ನೋಡಿರಲಿಲ್ಲ. ನನಗೆ ಸಂತೋಷವಾಯಿತು. ಬೇರೆ ಏನೋ ಆಯಿತು ಎಂದು ಈಗ ಬರೆಯಬಹುದು, ಆದರೆ ಆದದ್ದು ಸಂತೋಷವೇ. ಆ ದಿನ ಸಂಜೆ ನಾನು ಅವರಿಗೆ ಇಷ್ಟವಾದ ಪುಂಡಿಪಲ್ಯ ಮಾಡಿ ಹಾಕಿದೆ.

ಆಮೇಲೆ ಯೋಚನೆ ಮಾಡಿಯೇ ಮಾಡಿದೆ. ದಿನವೂ ಮಾಡಿದರೆ ಚೀಟಿಯ ಮೇಲೆ ಅನುಮಾನ ಬರುತ್ತದೆ. ಮೂರು ಸಲ ಬಿಟ್ಟು ಒಂದು ಸಲ, ಆಮೇಲೆ ಆರು ಸಲ ಬಿಟ್ಟು ಒಂದು ಸಲ, ಆಮೇಲೆ ಒಂದೇ ದಿನ ಎರಡು. ಪೂರ್ತಿ ಬೇರೆ ಚೀಟಿ ಇಡಲಿಲ್ಲ, ಯಾವಾಗಲೂ ಎರಡನ್ನು ಮಾತ್ರ ಸ್ಥಳ ಬದಲಿಸಿದೆ. ಮನುಷ್ಯ ಮರೆಯುವುದು ಹಾಗೆಯೇ, ಪೂರ್ತಿ ಅಲ್ಲ, ಒಂದರ ಜಾಗಕ್ಕೆ ಇನ್ನೊಂದು. ತರಗತಿಯಲ್ಲಿ ಅಷ್ಟು ವರ್ಷ ತಪ್ಪುಗಳನ್ನು ತಿದ್ದಿದವಳಿಗೆ ನಂಬುವಂಥ ತಪ್ಪು ಯಾವುದು ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಒಮ್ಮೆ ಚೀಟಿಯನ್ನು ಎರಡನೇ ಸಲ ನೋಡಿದ್ದರೆ, ಅಥವಾ ಅಂಗೈ ಮೇಲೆ ಬರೆದುಕೊಂಡಿದ್ದರೆ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅವರು ನೋಡುವವರಲ್ಲ ಎಂದು ನನಗೆ ಗೊತ್ತಿತ್ತು.

ಭಾನುವಾರ ಜೊತೆಗಾರರು ಬಂದರು. ಯಾವ ಅನುಕ್ರಮ ಬಂದರೂ ಇಪ್ಪತ್ತು ನಿಮಿಷದಲ್ಲಿ ಜೋಡಿಸಿ ತೋರಿಸುತ್ತೇನೆ ಎಂದು ತಿಂಗಳ ಹಿಂದೆಯೇ ನಮ್ಮವರು ಅವರಿಗೆ ಹೇಳಿಬಿಟ್ಟಿದ್ದರು. ಈಗ ಹಿಂದೆ ಸರಿಯುವಂತಿರಲಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯುತ್ತಿದ್ದರು. ಡ್ರೈವರ್ ಸಾಹೇಬರೇ ಚೀಟಿ ಎತ್ತಿದರು. ನಮ್ಮವರು ಈ ಸಲ ಬಹಳ ಹೊತ್ತು ನೋಡಿದರು, ತುಟಿ ಅಲ್ಲಾಡಿತು, ತಾಟು ಮುಚ್ಚಿದರು. ಕೆಲಸ ನೋಡುವುದಕ್ಕೆ ಚೆಂದವಿತ್ತು. ಒಂದೂ ಹೆಚ್ಚಿನ ಓಡಾಟವಿಲ್ಲ, ಎಲ್ಲೂ ತಡವರಿಕೆಯಿಲ್ಲ, ಪ್ರತಿ ಕೊಕ್ಕೆಯನ್ನೂ ಕಡ್ಡಿಯಿಂದ ಮುಟ್ಟಿ ನೋಡುತ್ತಿದ್ದರು. ನಾನು ಬಜಿಯ ತಟ್ಟೆ ಇಟ್ಟೆ, ಖಾಲಿ ಲೋಟ ತೆಗೆದೆ, ನಡುವೆ ತಾಟಿನ ಅಂಚಿಗೂ ಕೈ ಹಾಕಿದೆ. ಚೀಟಿ ಎತ್ತಿದವರಿಗಾದರೂ ನೆನಪಿರಬೇಕಿತ್ತು, ಆದರೆ ಅವರಿಗೂ ಎಪ್ಪತ್ತು, ಅವರ ಗಮನ ಬಜಿಯ ಮೇಲಿತ್ತು.

ತಾಟು ಎತ್ತಿದರು. ಐದು, ಒಂದು, ಏಳು, ಎರಡು, ಆರು ಎಂದು ಚೀಟಿ ಹೇಳುತ್ತಿತ್ತು. ಹಳಿಯ ಮೇಲೆ ಐದು, ಎರಡು, ಏಳು, ಒಂದು, ಆರು ನಿಂತಿದ್ದವು.

ಜೊತೆಗಾರರು ನಗುತ್ತಾರೆ ಎಂದು ನಾನು ಕಾದಿದ್ದೆ. ನನ್ನ ಮೇಲೆ ನಕ್ಕವರೇ ಅಲ್ಲವೇ. ನಗಲಿಲ್ಲ. ಡ್ರೈವರ್ ಸಾಹೇಬರು ಎದ್ದು ಬಂದು ನಮ್ಮವರ ಹೆಗಲ ಮೇಲೆ ಕೈ ಇಟ್ಟರು.

"ಜಾನೇ ದೋ ಉಸ್ತಾದ್. ವಯಸ್ಸಾತು. ಎಲ್ಲಾರಿಗೂ ಆಗೋದೇ ಅದ."

ನಕ್ಕಿದ್ದರೆ ನಮ್ಮವರು ತಡೆದುಕೊಳ್ಳುತ್ತಿದ್ದರು. ಆ ಕೈ ಹೆಗಲ ಮೇಲೆ ಬಿದ್ದದ್ದೇ ಅವರು ಸ್ಟೂಲಿನ ಮೇಲೆ ಕುಸಿದು ಕೂತರು, ಜೊತೆಗಾರರು ಹೋಗುವ ತನಕ ಎಂಜಿನ್ನಿನ ಗುಂಡಿಯನ್ನು ಬಿಡಲೇ ಇಲ್ಲ. ಆಮೇಲೆ ಅವರು ಹಲಗೆಯ ಹತ್ತಿರ ಹೋಗಲಿಲ್ಲ. ನಾನು ಬಿಟ್ಟೆ ಎಂದು ಹೇಳಿಕೊಳ್ಳಲಾರೆ, ಅವರು ಆಡುವುದನ್ನು ಬಿಟ್ಟದ್ದರಿಂದ ನನ್ನದೂ ನಿಂತಿತು.

ಅಲ್ಲಿಂದ ಮುಂದೆ ನಾನು ಏನೂ ಮಾಡಬೇಕಾಗಲಿಲ್ಲ. ಸೂಪರ್ ಮಾರ್ಕೆಟಿಗೆ ಚಹಾಪುಡಿಗೆ ಹೋದವರು ಸ್ಕೂಟರ್ ಎಲ್ಲಿ ನಿಲ್ಲಿಸಿದೆ ಎಂದು ತಿಳಿಯದೆ ನಡೆದುಕೊಂಡು ಬಂದರು. ಆ ಗದ್ದಲದಲ್ಲಿ ಯಾರಿಗಾದರೂ ಆಗುವುದು, ನನಗೂ ಎರಡು ಸಲ ಆಗಿದೆ. ಅದನ್ನು ನಾನು ಹೇಳಲಿಲ್ಲ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಓಣಿಯ ತಿರುವಿನಿಂದ ವಾಪಸ್ ಬರುತ್ತಿದ್ದರು. ಡಾಕ್ಟರ ಹತ್ತಿರ ಹೋದೆವು. ನೂರರಿಂದ ಏಳೇಳು ಕಳೆಯುತ್ತಾ ಬರಲು ಡಾಕ್ಟರು ಹೇಳಿದರು, ನಮ್ಮವರು ತಪ್ಪಿಲ್ಲದೆ ಕಳೆದು ಹೇಳಿದರು. ಏನೂ ಇಲ್ಲ, ಚೆನ್ನಾಗಿದ್ದೀರಿ ಎಂದರು ಡಾಕ್ಟರು. ಆಟೋದಲ್ಲಿ ನಮ್ಮವರು ಹೊರಗೆ ನೋಡುತ್ತಾ, "ನಮ್ಮಪ್ಪಗೂ ಮೊದಲ ಸಲ ಹಿಂಗೇ ಅಂದಿದ್ರು," ಎಂದರು.

ಆಗಲಾದರೂ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಕಾರಣವಿದೆ, ಅದು ಒಳ್ಳೆಯ ಕಾರಣವಲ್ಲ. ಅವರು ಮೆತ್ತಗಾಗಿದ್ದರು. ಗ್ಯಾಸ್ ಬಂದ್ ಮಾಡೀನೇನು ನೋಡು ಎನ್ನುತ್ತಿದ್ದರು. ಇವತ್ತು ಯಾವ ವಾರ ಎಂದು ನನ್ನನ್ನೇ ಕೇಳುತ್ತಿದ್ದರು. ಅಕ್ಕೋರು ಎನ್ನುವುದು ನಿಂತುಹೋಗಿತ್ತು. ನಾನು ಹೇಳಿದ್ದನ್ನು ತಲೆ ಆಡಿಸಿ ಕೇಳುವ ಗಂಡ ನನಗೆ ಅರವತ್ತೈದನೆಯ ವಯಸ್ಸಿನಲ್ಲಿ ಸಿಕ್ಕಿದ್ದ. ಇನ್ನೊಂದು ವಾರ ಇರಲಿ ಎಂದುಕೊಳ್ಳುತ್ತಾ ಮೂರು ತಿಂಗಳು ಇಟ್ಟುಕೊಂಡೆ.

ಒಂದು ಬೆಳಿಗ್ಗೆ ಅವರು ಕಮಲಾಪುರದ ಅಣ್ಣನಿಗೆ ಫೋನ್ ಮಾಡುತ್ತಿದ್ದುದು ಕೇಳಿತು.

"ಅಪ್ಪನ ಕ್ವಾಣಿ ಖಾಲಿ ಅದ ಏನಣ್ಣ? ... ಹೂಂ. ... ಹೊರಗಿನ ಚಿಲಕ ಇನ್ನೂ ಅದ?"

ಹೋಗುವುದು ಬೇಡ ಎಂದು ಅತ್ತು ಜಗಳ ಮಾಡಿದೆ. ನಿನಗೆ ನನ್ನ ಹಿಂದೆ ಹೆದ್ದಾರಿಗೆ ಓಡಲು ಆಗುವುದಿಲ್ಲ, ಅಣ್ಣನ ಮನೆಯಲ್ಲಿ ಗಂಡಾಳುಗಳಿದ್ದಾರೆ ಎಂದರು. ಎಲ್ಲ ಯೋಜನೆ ಮಾಡಿಟ್ಟಿದ್ದರು. ಯಾರ್ಡಿನ ನಕ್ಷೆ ಬರೆದ ಅದೇ ಕ್ಯಾಲೆಂಡರಿನ ಇನ್ನೊಂದು ಹಾಳೆಯಲ್ಲಿ ಪೆನ್ಷನ್ನಿನ ಬ್ಯಾಂಕು, ಗ್ಯಾಸಿನ ಪುಸ್ತಕ, ನಲ್ಲಿಯ ನೀರು ಬರುವ ದಿನ, ಒಂದೊಂದಾಗಿ ನನಗಾಗಿ ಬರೆದಿದ್ದರು.

ಬಸ್ಸಿನಲ್ಲಿ ಹೋದೆವು. ಭಾವನವರ ಮನೆಯ ಕಟ್ಟೆಯ ಮೇಲೆ ಕೆಂಪು ಬಾಳೆಯ ಗೊನೆಗಳನ್ನು ಒರಗಿಸಿದ್ದರು. ಹಿತ್ತಿಲ ಕೋಣೆಯನ್ನು ಸುಣ್ಣ ಹೊಡೆಸಿ, ಒಂದು ಮಂಚ ಹಾಕಿಸಿದ್ದರು. ನಮ್ಮವರು ಮಂಚ ನೋಡಲಿಲ್ಲ. ಅಡುಗೆಮನೆಯಿಂದ ಒಂದು ಬಟ್ಟಲು ಎಣ್ಣೆ ಕೇಳಿ ತಂದು, ಬಾಗಿಲ ಹೊರಗೆ ನಿಂತು, ತುಕ್ಕು ಹಿಡಿದ ಚಿಲಕಕ್ಕೆ ಹಚ್ಚಿ ನಾಲ್ಕು ಸಲ ಹಿಂದೆ ಮುಂದೆ ಆಡಿಸಿದರು.

ಊಟವಾಗಿ ಭಾವನವರು ಹೊಲದ ಕಡೆ ಹೋದ ಮೇಲೆ ನಾನು ಕೋಣೆಗೆ ಹೋಗಿ ಹೇಳಿದೆ. ಚೀಟಿಗಳನ್ನು ಪರ್ಸಿನಲ್ಲಿ ತಂದಿದ್ದೆ. ಅಡುಗೆಮನೆಯ ತಾಟು ತಂದು ನೆಲದ ಮೇಲೆ ಬೋರಲು ಹಾಕಿ, ಅಂಚು ಎತ್ತಿ ಎರಡು ಚೀಟಿ ಹೇಗೆ ಬದಲಿಸುತ್ತಿದ್ದೆ ಎಂದು ಮಾಡಿ ತೋರಿಸಿದೆ. ಮೊದಲ ದಿನದ ಮೂರು, ಎಂಟು ಹೇಳಿದೆ. ಭಾನುವಾರದ ಒಂದು, ಎರಡು ಹೇಳಿದೆ. ಕೌದಿ, ಕೊಯ್ದ ಕಲ್ಲು, ಎಲ್ಲ ಹೇಳಿದೆ. ನಿಮ್ಮ ತಲೆಗೆ ಏನೂ ಆಗಿಲ್ಲ, ನಾನು ಮಾಡಿದ್ದು, ನನ್ನ ಹೊಟ್ಟೆಕಿಚ್ಚು ಮಾಡಿದ್ದು ಎಂದು ಅವರ ಕಾಲು ಹಿಡಿದೆ.

ಅವರು ನನ್ನ ಕೈ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ನಗುತ್ತಿದ್ದರು. ಆ ನಗು ನಾನು ಮೊದಲು ನೋಡಿದ್ದಲ್ಲ.

"ನಲವತ್ತು ವರ್ಷದಾಗ ನನ್ನ ಮನಸ್ಸಿಗಿ ಆರಾಮ ಆಗೂವಂಥ ಒಂದು ಮಾತು ನೀ ಆಡಿದ್ದಿಲ್ಲ. ಇವತ್ತ ಆಡಿದಿ."

"ಸುಳ್ಳಲ್ರಿ. ದೇವರಾಣಿ."

"ಕಾಪಿ ಚೀಟಿ ಸಿಕ್ರ ಹುಡುಗೀರ ಕಿವಿ ಹಿಂಡಾಕಿ ನೀ. ನಿನ್ನ ಕೈಲೆ ಇಂಥಾದ್ದು ಆಗಂಗಿಲ್ಲ. ನನ್ನ ಸಲುವಾಗಿ ಸುಳ್ಳು ಹೇಳಾಕತ್ತೀ, ಅದೂ ನೆಟ್ಟಗ ಹೇಳಾಕ ಬರವಲ್ದು ನಿನಗ."

"ಖರೇ ಹೇಳಾಕತ್ತೀನಿ, ಕೇಳ್ರಿ."

"ನಾ ಹೇಳ್ತೀನಿ ಕೇಳು. ಮೂಲ್ಯಾಗಿನ ಕಲ್ಲು ಕೊಯ್ದದ್ದು ಅದ ಅಂತ ಅವತ್ತ ನೀ ಹೇಳಿದಿ. ನೀ ಹೇಳಿದ್ದು ಖರೇ ಇತ್ತು. ಕಣ್ಣ ಮುಂದಿನ ಕಲ್ಲು ನನಗ ತಿಳೀಲಿಲ್ಲ. ಅವಾಗೇ ಶುರು ಆಗಿತ್ತು ನೋಡು ಇದು."

ಆ ಮಾತು ಹಾಗೆ ಬಂತು. ನಾನು ಮತ್ತೆ ಚೀಟಿಗಳನ್ನು ಜೋಡಿಸಹೋದೆ. ಅವರೇ ಅವನ್ನು ಒಟ್ಟು ಮಾಡಿ ನನ್ನ ಪರ್ಸಿಗೆ ಹಾಕಿದರು. ಐದು ಗಂಟೆಯ ಬಸ್ಸು ಹಿಡಿಯಬೇಕು, ಹೊತ್ತಾಯಿತು ಎಂದರು. ನಾನು ಎದ್ದೆ.

"ಹೋಗೂವಾಗ ಚಿಲಕ ಹಾಕ್ಕೊಂಡು ಹೋಗು. ಎಣ್ಣಿ ಹಚ್ಚೀನಿ, ಸರಳ ಬೀಳ್ತದ."

"ಯಾಕ್ರಿ, ನೀವು ಬರೋಬರ್ ಅದೀರಿ."

"ಇವತ್ತ ಅದೀನಿ. ರೂಢಿ ಆಗ್ಲಿ."

ಬೇಡ ಎಂದು ಇನ್ನೊಂದು ಸಲ ಹೇಳಬಹುದಿತ್ತು. ಬಾಗಿಲು ತೆರೆದಿಟ್ಟು ಅಲ್ಲೇ ಕೂತುಬಿಡಬಹುದಿತ್ತು. ಅವರು ಮಂಚದ ಮೇಲೆ ಕೈ ಊರಿ ಕೂತು, ಶಾಲೆಯ ಹುಡುಗಿಯರು ಉತ್ತರ ಸರಿಯೋ ತಪ್ಪೋ ಎಂದು ನನ್ನ ಮುಖ ನೋಡುತ್ತಿದ್ದ ಹಾಗೆ ನೋಡುತ್ತಿದ್ದರು. ನಾನು ಹೊರಗೆ ಬಂದು ಬಾಗಿಲು ಎಳೆದು ಚಿಲಕ ಹಾಕಿದೆ. ಸರಳವಾಗಿಯೇ ಬಿತ್ತು. ಒಳಗಿನಿಂದ ಅವರು ಎದ್ದು ಬಂದ ಸದ್ದಾಯಿತು, ಬಾಗಿಲು ಒಮ್ಮೆ ಜಗ್ಗಿತು.

"ಬರೋಬರ್ ಅದ," ಎಂದರು.